ಜಾಲರಿ ಸೌಟು, ಸೊಟ್ಟ ಮೆಣಸಿನಕಾಯಿ, ಮತ್ತೆ 899 ರೂಪಾಯಿಯ ಬಳೆ

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಕರ್ಟೇಸ್ ಅನ್ನೋ ಹಳೇ ಕಾಲದ ಫೋಟೋಗ್ರಾಫರ್. ದುಡ್ಡು ಕಳಕೊಂಡದ್ದು ನಾನು. ಮಿಕ್ಕವರೆಲ್ಲ ನಡುವೆ ಎಲ್ಲೋ ಬರುತ್ತಾರೆ.

ಆಗಿದ್ದಿಷ್ಟು. ಮನೆಯಲ್ಲಿರುವ ಸಾಮಾನುಗಳನ್ನೇ ಇಟ್ಟುಕೊಂಡು, ಹೆಸರಾಂತ ಫೋಟೋಗ್ರಾಫರ್‌ಗಳು ತೆಗೆದ ಹಾಗೆ ಫೋಟೋ ತೆಗೆಯಬೇಕು ಅಂತ ಹೋದ ವರ್ಷ ಮಾರ್ಚ್‌ನಲ್ಲಿ ತಲೆಗೆ ಹುಳ ಬಿತ್ತು. ನಾನಿರುವುದು ಬಳ್ಳಾರಿಯಲ್ಲಿ. ಒಂದು ಜೀನ್ಸ್ ಯೂನಿಟ್‌ನಲ್ಲಿ ಬಿಲ್ ಬರೆಯುವ ಕೆಲಸ. ರಜೆ ಅಂದರೆ ಭಾನುವಾರ ಒಂದೇ. ಕ್ಯಾಮೆರಾ ಅಂತ ಏನೂ ಇಲ್ಲ, ಎರಡು ವರ್ಷ ಹಳೆಯ ಫೋನ್ ಇದೆ, ಅದರಲ್ಲಿ ಪ್ರೊ ಮೋಡ್ ಇದೆ, ಅಂದರೆ ಬೆಳಕು ಎಷ್ಟು, ಎಷ್ಟು ಹೊತ್ತು ಅನ್ನೋದನ್ನ ನಾವೇ ಹೊಂದಿಸಬಹುದು. ಬಜೆಟ್ 1,500 ರೂಪಾಯಿ. ಮನೆಯಲ್ಲಿ ಹೇಳಿದ್ದು 500.

ಯಾರ ಫೋನ್ ಯಾವುದು, ಎಷ್ಟು ಮೆಗಾಪಿಕ್ಸೆಲ್ ಅನ್ನೋದೆಲ್ಲ ಇಲ್ಲಿ ಬರೆಯುವುದಿಲ್ಲ. ಈ ಆಟಕ್ಕೆ ಅದು ಮುಖ್ಯವೇ ಅಲ್ಲ. ಬೆಳಕು ಎಲ್ಲಿಂದ ಬರುತ್ತೆ, ಸಾಮಾನು ಹೊಳೆಯುತ್ತೋ ಇಲ್ವೋ, ಅಮ್ಮ ಆ ಪಾತ್ರೆಯನ್ನು ಎಷ್ಟು ಹೊತ್ತಿಗೆ ವಾಪಸ್ ಕೇಳುತ್ತಾರೆ, ಮುಖ್ಯ ಅಂದರೆ ಇವು.

ನಾನು ಸೋತ ಕಥೆಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಅಲ್ಲೇ ದುಡ್ಡು ಜಾಸ್ತಿ ಹೋಗಿದ್ದು.

ಮಾರ್ಟಿನ್ ಪಾರ್ ಅಂತ ಇಂಗ್ಲೆಂಡಿನ ಫೋಟೋಗ್ರಾಫರ್. ಕೇಕು, ಟೀ ಕಪ್ಪು, ಪ್ಲಾಸ್ಟಿಕ್ ಸಾಮಾನು, ಬಿಸಿಲಿಗೆ ಕೆಂಪಾದ ಚರ್ಮ, ಎಲ್ಲವನ್ನೂ ಮೂಗು ತಾಗುವಷ್ಟು ಹತ್ತಿರ ಹೋಗಿ, ಕಣ್ಣು ಕುಕ್ಕುವ ಬಣ್ಣದಲ್ಲಿ ತೆಗೆದವರು. 1999ರಲ್ಲಿ ಬಂದ ‘ಕಾಮನ್ ಸೆನ್ಸ್’ ಪುಸ್ತಕದ ತುಂಬ ಇಂಥವೇ. ಅದಕ್ಕೆ ಅವರು ಬಳಸುತ್ತಿದ್ದದ್ದು ರಿಂಗ್ ಫ್ಲ್ಯಾಶ್, ಲೆನ್ಸಿನ ಸುತ್ತ ಉಂಗುರದ ಹಾಗೆ ಕೂರುವ ಫ್ಲ್ಯಾಶ್. ನನ್ನ ಕಣ್ಣಿಗೆ ಬಿದ್ದದ್ದು ‘ರಿಂಗ್’ ಅನ್ನೋ ಮಾತೊಂದೇ. ಸೀದಾ ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ 899 ಕೊಟ್ಟು ರಿಂಗ್ ಲೈಟ್ ತಂದೆ. ಹತ್ತು ಇಂಚಿನದು, ಸ್ಟ್ಯಾಂಡ್ ಸಮೇತ, ರೀಲ್ಸ್ ಮಾಡುವವರು ಮುಖದ ಮುಂದೆ ಇಟ್ಟುಕೊಳ್ಳುತ್ತಾರಲ್ಲ, ಅದೇ. ಎರಡೂ ಒಂದೇ ಅಂದುಕೊಂಡಿದ್ದೆ.

ಒಂದೇ ಅಲ್ಲ. ಅದು ಗೊತ್ತಾಗೋಕೆ ಒಂದು ಸ್ಟೀಲ್ ಚರಿಗೆ ಸಾಕಾಯಿತು.

ನಮ್ಮ ಮನೆಯ ಅಡುಗೆಮನೆಯಲ್ಲಿ ಹೊಳೆಯದ ಸಾಮಾನೇ ಇಲ್ಲ. ಲೋಟ, ತಟ್ಟೆ, ಡಬ್ಬಿ, ಚರಿಗೆ, ಎಲ್ಲಾ ಸ್ಟೀಲು, ಅದರ ಮೇಲೆ ತಾತನ ಹೆಸರು ಕೊರೆಸಿರುವ ಸ್ಟೀಲು. ರಿಂಗ್ ಲೈಟ್ ಹಾಕಿ, ಬಳೆಯ ನಡುವೆ ಫೋನ್ ಸಿಕ್ಕಿಸಿ, ಚರಿಗೆ ಮುಂದಿಟ್ಟು ನೋಡಿದರೆ ಅದರ ಹೊಟ್ಟೆ ಮೇಲೆ ಒಂದು ಪುಟ್ಟ ಬಿಳಿ ಬಳೆ. ಲೈಟ್ ಎಡಕ್ಕೆ ಸರಿಸಿದೆ, ಬಳೆ ಎಡಕ್ಕೆ ಹೋಯಿತು. ಮೇಲಕ್ಕೆ ಎತ್ತಿದೆ, ಮೇಲೆ ಹೋಯಿತು. ಲೋಟ ಇಟ್ಟರೆ ಅದರ ಮೈಮೇಲೆ ಬಳೆ ಹಿಚುಕಿಕೊಂಡು ಸಣ್ಣ ಉದ್ದ ಗೀಟಾಯಿತು. ಚಮಚ ಇಟ್ಟರೆ ಅದರ ಗುಳಿಯಲ್ಲಿ ಬಳೆ, ಬಳೆಯ ನಡುವೆ ತಲೆಕೆಳಗಾಗಿ ನಾನು.

ಎರಡು ಭಾನುವಾರ ಇದರಲ್ಲೇ ಹೋಯಿತು. ಕಾರಣ ಆಮೇಲೆ ಹೊಳೆಯಿತು, ಸ್ಕೂಲಲ್ಲಿ ಓದಿದ ಪಾಠವೇ. ಬೆಳಕು ಯಾವ ಕೋನದಲ್ಲಿ ಬಂದು ಬೀಳುತ್ತೋ ಅದೇ ಕೋನದಲ್ಲಿ ಆಚೆಗೆ ಹೋಗುತ್ತೆ. ತಟ್ಟೆ ಚಪ್ಪಟೆ, ಸ್ವಲ್ಪ ವಾಲಿಸಿದರೆ ಲೈಟಿನ ಪ್ರತಿಬಿಂಬ ಫೋನ್ ಕಡೆ ಬರದೆ ಬೇರೆಲ್ಲೋ ಹೋಗುತ್ತೆ. ಚರಿಗೆ ಉಬ್ಬಿದ್ದು. ಉಬ್ಬಿದ ಮೈ ಎಲ್ಲಾ ದಿಕ್ಕಿಗೂ ಮುಖ ಮಾಡಿರುತ್ತೆ, ಹಾಗಾಗಿ ಲೈಟ್ ಎಲ್ಲಿಟ್ಟರೂ ಅದನ್ನು ಲೆನ್ಸಿಗೆ ತೋರಿಸುವ ಒಂದು ಜಾಗ ಅದರ ಮೇಲೆ ಇದ್ದೇ ಇರುತ್ತೆ. ತಪ್ಪಿಸೋಕೆ ಆಗಲ್ಲ. ಹೆಚ್ಚೆಂದರೆ ಲೈಟಿನ ಮುಂದೆ ದೊಡ್ಡ ಬಿಳಿ ಬಟ್ಟೆ ಕಟ್ಟಿ ಬಳೆಯನ್ನು ಒಂದು ಬಿಳಿ ಮಚ್ಚೆಯಾಗಿ ಮಾಡಬಹುದು. ಹಾಗೆ ಮಾಡಿದರೆ ಅದು ಪಾರ್ ಶೈಲಿ ಆಗಿ ಉಳಿಯುವುದಿಲ್ಲ.

ಹೊಳಪನ್ನೇ ಕೊಂದರೆ ಹೇಗೆ ಅಂತ ಯೋಚನೆ ಬಂತು. ಸ್ಟುಡಿಯೋದವರು ಹೊಳಪು ಮುಚ್ಚೋಕೆ ಒಂದು ಸ್ಪ್ರೇ ಬಳಸುತ್ತಾರೆ, ಅದಕ್ಕೆ ಇನ್ನೊಂದು ಸಾವಿರ ಯಾರು ಕೊಡ್ತಾರೆ? ಫ್ರೀಜರ್‌ನಲ್ಲಿ ಚರಿಗೆ ಇಟ್ಟೆ. ತೆಗೆದ ಕೂಡಲೇ ಮೈಮೇಲೆ ತೆಳ್ಳಗೆ ಬಿಳಿ ಕಟ್ಟುತ್ತೆ, ನೋಡೋಕೂ ಚೆನ್ನಾಗಿರುತ್ತೆ, ಆದರೆ ಏಪ್ರಿಲ್ ಬಿಸಿಲಿಗೆ ಫೋಕಸ್ ಮಾಡುವಷ್ಟರಲ್ಲಿ ಕರಗಿ ನೀರಾಗಿ ಹನಿ ಇಳಿಯುತ್ತೆ. ಕೊನೆಗೆ ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು, ನೀರಲ್ಲಿ ತೇಯ್ದು, ಹತ್ತಿಯಲ್ಲಿ ತೆಳ್ಳಗೆ ಒರೆಸಿದೆ. ಇದು ಕೆಲಸ ಮಾಡಿತು! ಬಳೆ ಮಾಯ ಆಗಿ ಮಸುಕು ಬೆಳಕು ಮಾತ್ರ ಉಳಿಯಿತು. ಅಷ್ಟರಲ್ಲಿ ಅಮ್ಮ ಬಂದರು.

“ಚರಿಗಿಗೆ ಈಬತ್ತಿ ಹಚ್ಚೀಯಲ್ಲೋ, ಅದೇನು ಸ್ವಾಮಿ ಆತೇನು?”

ಫೋಟೋ ತೋರಿಸಿದೆ. ನೋಡಿ, “ತೊಳೆದಿಲ್ಲ ಅನ್ನಂಗ ಕಾಣ್ತತಿ” ಅಂದರು. ಸರಿಯಾಗೇ ಇತ್ತು ಮಾತು. ಸ್ಟೀಲಿನ ಹೊಳಪು ತೆಗೆದರೆ ಅದು ಸ್ಟೀಲ್ ಆಗಿ ಕಾಣಲ್ಲ, ಕೊಳೆ ಅಲ್ಯೂಮಿನಿಯಂ ಆಗಿ ಕಾಣುತ್ತೆ.

ಇನ್ನೂ ಒಂದು ಸಂಕಟ ಇದೆ. ಪಾರ್ ಅವರ ಫ್ಲ್ಯಾಶ್ ಹಗಲ ಬೆಳಕನ್ನೂ ಮೀರಿ ಹೊಡೆಯುತ್ತೆ, ಬಯಲಲ್ಲೂ ಸಾಮಾನು ತಾನೇ ಉರಿಯುತ್ತಿರುವ ಹಾಗೆ ಎದ್ದು ಕಾಣುತ್ತೆ. ನನ್ನ ಬಳೆ ಯುಎಸ್‌ಬಿ ವೈರಿನಿಂದ ಉರಿಯುವ ಬಡಪಾಯಿ. ಮಾಳಿಗೆ ಮೇಲೆ ಹಗಲಲ್ಲಿ ಹಚ್ಚಿದರೆ ಹಚ್ಚಿದೆಯೋ ಇಲ್ಲವೋ ಅಂತ ಕೈ ಅಡ್ಡ ಇಟ್ಟು ನೋಡಬೇಕು. ಮತ್ತೆ ರಿಂಗ್ ಫ್ಲ್ಯಾಶ್ ಚಿಕ್ಕದು, ಲೆನ್ಸಿಗೆ ಅಂಟಿಕೊಂಡಿರುತ್ತೆ, ಅದಕ್ಕೇ ಸಾಮಾನಿನ ಸುತ್ತ ಕಾಡಿಗೆ ಎಳೆದ ಹಾಗೆ ಒಂದು ಸಣ್ಣ ಕಪ್ಪು ನೆರಳು ಬರೋದು. ಹತ್ತು ಇಂಚಿನ ಬಳೆಯನ್ನು ಒಂದು ಅಡಿ ದೂರದಲ್ಲಿ ಇಟ್ಟರೆ ಆ ನೆರಳು ಎಲ್ಲಾ ಕಡೆಯಿಂದ ಬೆಳಕು ತುಂಬಿ ಅಳಿಸಿಹೋಗುತ್ತೆ. ಮುಖಕ್ಕೆ ಅದು ಚೆಂದ. ಮಿರ್ಚಿಗೆ ಸಪ್ಪೆ.

ವಾಪಸ್ ಕೊಡೋಕೆ ಹೋದೆ. ಅಂಗಡಿಯವರು ಡಬ್ಬಿ ತಿರುಗಿಸಿ ನೋಡಿದರು, “ಉರಿತದಲ್ಲ ಅಣ್ಣಾ, ಮತ್ತೇನು ತೊಂದ್ರೆ?” ಅಂದರು. ಉರಿಯೋದೇ ತೊಂದರೆ ಅಂತ ಹೇಗೆ ಹೇಳೋದು.

ಹೊಟ್ಟೆ ಉರಿಸಿದ್ದು ಇದಲ್ಲ. ಒಂದು ಸಂಜೆ ರಸ್ತೆ ಬದಿ ಬಂಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಗೊಂಡೆ. ಪೇಪರ್ ತಟ್ಟೆ, ಎಣ್ಣೆ ಹೀರಿದ ಪೇಪರ್, ಪಕ್ಕದಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಜಗ್. ಸುಮ್ನೆ ಫೋನಿನ ಸ್ವಂತ ಫ್ಲ್ಯಾಶ್ ಹಾಕಿ, ಒಂದು ಗೇಣು ದೂರದಿಂದ, ಮೇಲಿನಿಂದ ಕ್ಲಿಕ್ ಮಾಡಿದೆ. ಮಿರ್ಚಿಯ ಹಿಟ್ಟಿನ ಗುಳ್ಳೆ ಗುಳ್ಳೆಯೂ ಎದ್ದು ಬಂತು, ಎಣ್ಣೆ ಮಿರಮಿರ, ಜಗ್ಗಿನ ಗುಲಾಬಿ ಕಣ್ಣಿಗೆ ಹೊಡೆಯುತ್ತಿತ್ತು, ಅಂಚಿಗೆ ಆ ಕಪ್ಪು ಗೀಟು ನೆರಳೂ ಬಂತು. ಫೋನಿನ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುತ್ತೆ ಅಲ್ವಾ, ಅದು ರಿಂಗ್ ಲೈಟಿಗಿಂತ ರಿಂಗ್ ಫ್ಲ್ಯಾಶಿಗೆ ಹತ್ತಿರದ ನೆಂಟ. ಖರ್ಚು ಸೊನ್ನೆ. ಮೊದಲ ದಿನವೇ ಇದನ್ನು ಮಾಡಿದ್ದರೆ 899 ರೂಪಾಯಿಗೆ ಎಷ್ಟು ಪ್ಲೇಟ್ ಮಿರ್ಚಿ ಬರುತ್ತಿತ್ತು ಅಂತ ಲೆಕ್ಕ ಹಾಕಿ ಬಿಟ್ಟುಬಿಟ್ಟೆ.

ಪಾರ್ ಶೈಲಿ ಮಾಡುವವರಿಗೆ ಒಂದು ಮಾತು: ಸ್ಟೀಲ್ ಬೇಡ. ಜಿಲೇಬಿ, ಪ್ಲಾಸ್ಟಿಕ್ ಕೊಡ, ರಬ್ಬರ್ ಚಪ್ಪಲಿ ತಗೊಳ್ಳಿ. ಕೊಪ್ಪಳದ ಕಡೆಯ ನೆಂಟರು ಕೊಟ್ಟ ಕಿನ್ನಾಳದ ಮರದ ಗೊಂಬೆ ಇದೆ ನಮ್ಮಲ್ಲಿ, ಅದು ಈ ಬೆಳಕಿಗೇ ಹುಟ್ಟಿದ್ದೇನೋ ಅನ್ನುವಷ್ಟು ಚೆನ್ನಾಗಿ ಬಂತು.

ಇನ್ನು ಎಡ್ವರ್ಡ್ ವೆಸ್ಟನ್. ಎಲ್ಲರೂ ಮೊದಲು ಮಾಡಿ ನೋಡುವುದು ಇವರದನ್ನೇ. 1930ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಒಂದು ದೊಣ್ಣೆ ಮೆಣಸಿನಕಾಯಿಯನ್ನು ತಗಡಿನ ಲಾಳಿಕೆಯ ಬಾಯೊಳಗೆ ಇಟ್ಟು ತೆಗೆದ ಕಪ್ಪುಬಿಳುಪು ಫೋಟೋ, ‘ಪೆಪ್ಪರ್ ನಂಬರ್ 30’. ಮೂವತ್ತು ಅನ್ನೋದು ಸುಮ್ನೆ ಇಟ್ಟ ಸಂಖ್ಯೆ ಅಲ್ಲ, ಮೆಣಸಿನಕಾಯಿಯದೇ ಬೇಕಾದಷ್ಟು ನೆಗೆಟಿವ್ ಆಗಿದ್ದವು. ಹಿಂದೆ ಬಟ್ಟೆ ಕಟ್ಟಿ ನೋಡಿದ್ದರು, ಬಿಳಿ ರಟ್ಟು ಇಟ್ಟು ನೋಡಿದ್ದರು, ಸಮಾಧಾನ ಆಗಿರಲಿಲ್ಲ. ಲಾಳಿಕೆಯ ಒಳಮೈ ಬೆಳಕನ್ನು ಮೆತ್ತಗೆ ಸುತ್ತಲೂ ತಿರುಗಿಸಿ ಕಾಯಿಯ ಮೇಲೆ ಹಾಕುತ್ತೆ, ಅದೇ ಗುಟ್ಟು. ಮನುಷ್ಯನ ಬೆನ್ನು, ತೋಳು ನೋಡಿದ ಹಾಗಾಗುತ್ತೆ. ಆಮೇಲೆ ಆ ಕಾಯಿಗಳನ್ನು ಅವರು ಅಡುಗೆ ಮಾಡಿ ತಿನ್ನುತ್ತಿದ್ದರು ಅನ್ನೋದು ನಮ್ಮಮ್ಮನಿಗೆ ಇಡೀ ಕಥೆಯಲ್ಲಿ ಇಷ್ಟವಾದ ಒಂದೇ ವಿಷಯ.

ಇಲ್ಲಿ ಕಷ್ಟ ಕಾಯಿ ಸಿಗೋದು. ಸಂತೆಯಲ್ಲಿ ನಾನು ಸೊಟ್ಟಗಿರುವುದನ್ನೇ ಆರಿಸಿ ಆರಿಸಿ ಪಕ್ಕಕ್ಕೆ ಇಡುತ್ತಿದ್ದರೆ ಮಾರುವಾಕೆ ಅದನ್ನು ಎತ್ತಿ ಬುಟ್ಟಿಗೆ ಹಾಕಿ ನುಣ್ಣಗಿರುವುದನ್ನು ಕೊಡುತ್ತಿದ್ದರು. “ಸೊಟ್ಟಗಾಯಿ ಯಾರ್ ಒಯ್ತಾರಪ್ಪ, ಚಲೋವು ತಗೋ.” ನುಣ್ಣಗಿರುವ ಕಾಯಿ ಫೋಟೋದಲ್ಲಿ ಬಲ್ಬಿನ ಹಾಗೆ ಕಾಣುತ್ತೆ. ಮಡಿಕೆ ಬೇಕು, ತಿರುಚಿಕೊಂಡಿರಬೇಕು. ಮತ್ತೆ ಬೇಸಿಗೆಯಲ್ಲಿ ತಂದ ಮೂರು ನಾಲ್ಕು ಗಂಟೆಗೆ ಅದು ಬಾಡಿ ಮೈ ಸುಕ್ಕಾಗುತ್ತೆ, ಬೆಳಗ್ಗೆ ತಂದರೆ ಬೆಳಗ್ಗೆಯೇ ಮುಗಿಸಬೇಕು.

ಲಾಳಿಕೆ ಈಗ ಎಲ್ಲಾ ಕಡೆ ಪ್ಲಾಸ್ಟಿಕ್. ತಗಡಿನ ಕೆಲಸದವರ ಹತ್ತಿರ ಹೇಳಿ ಮಾಡಿಸಿದೆ, 120 ರೂಪಾಯಿ. ಹೊಸ ತಗಡು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಮಾಳಿಗೆ ಮೇಲೆ ಉಪ್ಪು ನೀರು ಚಿಮುಕಿಸಿ ಎರಡು ವಾರ ಬಿಟ್ಟ ಮೇಲೆ ಮಂಕಾಯಿತು. ಫೋನನ್ನು ಸ್ಟೂಲಿನ ಮೇಲೆ ಇಟ್ಟಿಗೆಗೆ ಒರಗಿಸಿ, ಪ್ರೊ ಮೋಡ್‌ನಲ್ಲಿ ಐಎಸ್ಒ (ಬೆಳಕಿಗೆ ಫೋನಿನ ಚುರುಕು) 50, ಶಟರ್ ತೆರೆದಿರುವ ಹೊತ್ತು ಎರಡು ಸೆಕೆಂಡು, ಮೂರು ಸೆಕೆಂಡಿನ ಟೈಮರ್. ವೆಸ್ಟನ್ ಲೆನ್ಸಿನ ತೂತನ್ನು ಸೂಜಿ ಮೊನೆಯಷ್ಟು ಚಿಕ್ಕದು ಮಾಡಿ ಹೊತ್ತುಗಟ್ಟಲೆ ತೆರೆದಿಡುತ್ತಿದ್ದರು, ಮುಂದಿನಿಂದ ಹಿಂದಿನವರೆಗೆ ಎಲ್ಲ ಚೂಪಾಗಿ ಬರಲಿ ಅಂತ. ಫೋನಿನಲ್ಲಿ ತೂತು ಚಿಕ್ಕದು ಮಾಡೋಕೆ ಬರಲ್ಲ. ಅದಕ್ಕೆ ಹತ್ತಿರ ಹೋಗದೆ ಎರಡು ಅಡಿ ಹಿಂದೆ ಸರಿದು ಜೂಮ್ ಮಾಡಿದೆ, ಆಗ ಕಾಯಿ ಪೂರ್ತಿ ಚೂಪಾಗಿ ಬಂತು. ಒಳ್ಳೇ ಫೋಟೋ. ಆದರೆ ನೋಡಿದವರೆಲ್ಲ “ಓ, ವೆಸ್ಟನ್ನಾ?” ಅಂತಲೋ, “ಓ, ಮೆಣಸಿನಕಾಯಾ?” ಅಂತಲೋ ಕೇಳಿ ಮುಂದೆ ಹೋಗುತ್ತಾರೆ. ನನ್ನದು ಅನ್ನುವಂಥದ್ದು ಅದರಲ್ಲಿ ಏನೂ ಉಳಿಯಲಿಲ್ಲ. ಅದೇ ಲಾಳಿಕೆಯಲ್ಲಿ ಹಸಿ ಶುಂಠಿ ಇಟ್ಟಾಗ ಸ್ವಲ್ಪ ವಾಸಿ.

ಯೋಸೆಫ್ ಸೂಡೆಕ್ ಶೈಲಿ ಮೇಲೆ ನನಗೆ ಎಲ್ಲಕ್ಕಿಂತ ಜಾಸ್ತಿ ಆಸೆ ಇತ್ತು. ಪ್ರಾಗ್ ಊರಿನವರು, ಮೊದಲ ಮಹಾಯುದ್ಧದಲ್ಲಿ ಬಲಗೈ ಕಳಕೊಂಡವರು, ಆದರೂ ಭಾರಿ ಕ್ಯಾಮೆರಾಗಳನ್ನು ಒಂದೇ ಕೈಯಲ್ಲಿ ಹೊತ್ತು ಕೆಲಸ ಮಾಡಿದವರು. 1940ರಿಂದ ಹಲವು ವರ್ಷ ತಮ್ಮ ಸ್ಟುಡಿಯೋದ ಕಿಟಕಿಯನ್ನೇ ಮತ್ತೆ ಮತ್ತೆ ತೆಗೆದರು. ಗಾಜಿನ ಮೇಲೆ ಹಬೆ, ಇಬ್ಬನಿ, ಆಚೆ ಒಂದು ಸೊಟ್ಟ ಮರ. ಕಿಟಕಿ ಕಟ್ಟೆ ಮೇಲೆ ನೀರಿನ ಗ್ಲಾಸು, ಒಂದು ಮೊಟ್ಟೆ, ಒಂದು ಬ್ರೆಡ್ ತುಂಡು. ಖರ್ಚಿಲ್ಲದ ಕೆಲಸ ಅಂದುಕೊಂಡೆ, ನಮ್ಮಲ್ಲೂ ಕಿಟಕಿ ಇದೆ, ಕ್ಯಾಂಟೀನಿನ ಗೀರು ಗೀರಿನ ಟೀ ಗ್ಲಾಸು ಇದೆ.

ಸೂಡೆಕ್ ಕಿಟಕಿಗೆ ಹಬೆ, ನನ್ನ ಕಿಟಕಿಗೆ ಧೂಳು! ಒರೆಸಿದ ಮಧ್ಯಾಹ್ನಕ್ಕೆ ಮತ್ತೆ ಕೆಂಪಗೆ. ಜೊತೆಗೆ ಸೊಳ್ಳೆ ಪರದೆಯ ಜಾಲರಿ, ಪಡುವಣಕ್ಕೆ ಮುಖ. ನಾಲ್ಕು ಗಂಟೆಗೆ ಬಿಸಿಲು ಸೀದಾ ಒಳಗೆ ನುಗ್ಗಿ ಗ್ಲಾಸನ್ನು ಪಟಾಕಿ ಮಾಡುತ್ತಿತ್ತು. ಅಪ್ಪನ ಹಳೆ ಧೋತರ ಕಟ್ಟಿದ ಮೇಲೆ ಬೆಳಕೇನೋ ಮೆತ್ತಗಾಯಿತು, ಆದರೆ ಆಚೆ ಕಾಣುವ ಮರ ಹೋಯಿತು, ಮರ ಹೋದರೆ ಸೂಡೆಕ್ ಅರ್ಧ ಹೋದ ಹಾಗೆ. ಸ್ಟೌ ಮೇಲೆ ನೀರು ಕುದಿಸಿ ಹಬೆ ಹಿಡಿಸಿದರೆ ಗಾಜು ಬಿಸಿಯಾಗಿದ್ದರಿಂದ ಹಬೆ ನಿಲ್ಲಲೇ ಇಲ್ಲ.

ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೂರು ದಿನ ಜಡಿ ಮಳೆ ಹಿಡಿಯಿತು. ಎರಡನೇ ದಿನ ಬೆಳಗ್ಗೆ ಎದ್ದರೆ ಗಾಜಿನ ಮೇಲೆ ಹನಿ, ಆಚೆ ಎದುರುಮನೆಯ ಬೇವಿನ ಮರ ಬೂದಿ ಬಣ್ಣಕ್ಕೆ ಕರಗಿತ್ತು. ಗ್ಲಾಸಿಗೆ ಮುಕ್ಕಾಲು ನೀರು ಹಾಕಿ ಕಟ್ಟೆ ಮೇಲಿಟ್ಟೆ. ಗ್ಲಾಸಿನ ಒಂದೊಂದು ಗೀರಲ್ಲೂ ಒಂದೊಂದು ಬೇವಿನ ಮರ, ತಲೆಕೆಳಗಾಗಿ. ಇಡೀ ವರ್ಷದಲ್ಲಿ ನಾನು ತೆಗೆದ ಅತಿ ಒಳ್ಳೆ ಫೋಟೋ ಅದೇ ಇರಬಹುದು. ಆದರೆ ವರ್ಷಕ್ಕೆ ಮೂರು ದಿನ ಸಿಗುವ ಬೆಳಕನ್ನು ನಂಬಿ ಸಂಸಾರ ಮಾಡೋಕಾಗುತ್ತಾ? ಅದೂ ಕೆಲಸಕ್ಕೆ ಒಂದು ಗಂಟೆ ತಡವಾಗಿ ಹೋಗಿ ಬೈಸಿಕೊಂಡು.

ಇರ್ವಿಂಗ್ ಪೆನ್ ಬಗ್ಗೆ ಚಿಕ್ಕದಾಗಿ. ರಸ್ತೆಯಲ್ಲಿ ಬಿದ್ದ ಸಿಗರೇಟ್ ಮೋಟುಗಳನ್ನು ಆರಿಸಿ ತಂದು 1972ರಲ್ಲಿ ದೊಡ್ಡದಾಗಿ ತೆಗೆದು, ಪ್ಲಾಟಿನಂ ಲೋಹ ಬಳಸಿ ಪ್ರಿಂಟ್ ಹಾಕಿ, 1975ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ತೋರಿಸಿದವರು. ನಾನು ಮೋಟು ಬೀಡಿ ತಂದೆ. ಡ್ರಾಯಿಂಗ್ ಶೀಟನ್ನು ಗೋಡೆಯಿಂದ ಮೇಜಿಗೆ ಬಾಗಿಸಿ ಅಂಟಿಸಿ, ಹಿಂದೆ ಗೆರೆ ಕಾಣದ ಹಾಗೆ ಮಾಡಿ, ಬೀಡಿ ನಿಲ್ಲಿಸಿದೆ. ಬೀಡಿ ಚೆನ್ನಾಗೇ ಬಂತು, ಎಲೆಯ ನರ, ಕೆಂಪು ದಾರ, ಸುಟ್ಟ ತುದಿ. ಬಿಳಿ ಶೀಟಿನ ಮೇಲೆ ನಮ್ಮೂರ ಧೂಳು ಅದಕ್ಕಿಂತ ಚೆನ್ನಾಗಿ ಬಂತು. ಫ್ಯಾನ್ ಹಾಕಿದರೆ ಧೂಳು, ಹಾಕದಿದ್ದರೆ ಬೆವರಿನ ಹನಿ. ಪೆನ್ ಅವರದೇ ಇನ್ನೊಂದು ಫೋಟೋದಲ್ಲಿ ಮಂಜುಗಟ್ಟಿದ ತರಕಾರಿ ಗಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ್ದಾರೆ, ಮೇ ತಿಂಗಳ ಬಳ್ಳಾರಿಯಲ್ಲಿ ಅದನ್ನು ಮಾಡೋಕೆ ಹೋಗಲೇ ಇಲ್ಲ.

ವಿಲಿಯಂ ಎಗಲ್‌ಸ್ಟನ್: ಮಕ್ಕಳ ಮೂರು ಚಕ್ರದ ಸೈಕಲನ್ನು ನೆಲದ ಮಟ್ಟದಿಂದ ತೆಗೆದವರು. ನಾನು ಓಣಿಯಲ್ಲಿ ಮಲಗಿ ತೆಗೆಯೋಕೆ ಹೋದೆ, ಹನ್ನೊಂದು ಮಕ್ಕಳು ಫೋಟೋದೊಳಗೆ ಬಂದರು. ಮುಗಿಯಿತು.

ಎರಡನೇ ಜಾಗ ಕಾರ್ಲ್ ಬ್ಲಾಸ್‌ಫೆಲ್ಟ್‌ಗೆ, ಇದನ್ನು ನಾನೂ ಊಹಿಸಿರಲಿಲ್ಲ. ಜರ್ಮನಿಯವರು, ಬರ್ಲಿನ್‌ನಲ್ಲಿ ಮೇಷ್ಟ್ರಾಗಿದ್ದರು. ಹುಡುಗನಾಗಿದ್ದಾಗ ಕಬ್ಬಿಣದ ಎರಕದ ಕೆಲಸ ಕಲಿತವರು. ಗಿಡದ ಚಿಗುರು, ಕಾಯಿ, ಒಣಗಿದ ಬೀಜದ ಸಿಪ್ಪೆಗಳನ್ನು ಬೂದು ಬಣ್ಣದ ಹಾಳೆಯ ಮುಂದೆ ಇಟ್ಟು, ತಾವೇ ಮಾಡಿಕೊಂಡ ಕ್ಯಾಮೆರಾದಲ್ಲಿ ಮೂವತ್ತು ಪಟ್ಟಿನವರೆಗೂ ದೊಡ್ಡದು ಮಾಡಿ ತೆಗೆದರು. ಕುಸುರಿ ಕೆಲಸ ಕಲಿಯುವ ಹುಡುಗರಿಗೆ ತೋರಿಸೋಕೆ. 1928ರಲ್ಲಿ ಪುಸ್ತಕವಾಗಿ ಬಂದ ಮೇಲೆ ದೊಡ್ಡ ಹೆಸರಾಯಿತು.

ನಮ್ಮ ಕಡೆ ಎರೆಹೊಲದಲ್ಲಿ ಹತ್ತಿ ಬಿಡಿಸಿದ ಮೇಲೆ ಗಿಡದಲ್ಲಿ ಒಣ ತೊಗಟೆ ಉಳಿಯುತ್ತಲ್ಲ, ನಾಲ್ಕೋ ಐದೋ ಎಸಳು ಹೊರಗೆ ಬಾಗಿ, ತುದಿ ಮುಳ್ಳಿನ ಹಾಗೆ ಚೂಪಾಗಿ, ಬಟ್ಟೆ ಹಿಡಿದರೆ ಬಿಡಲ್ಲ. ಅದನ್ನು ಒಂದು ತಂದೆ. ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯೋಕೆ ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ 280 ರೂಪಾಯಿ. ಮೋಡ ಇದ್ದಾಗ ಮಾಳಿಗೆ ಮೇಲೆ, ರಟ್ಟಿನ ಡಬ್ಬಿಯ ಬೂದು ಮಗ್ಗುಲು ಹಿಂದೆ ಇಟ್ಟು ತೆಗೆದೆ. ನೋಡಿದರೆ ಹಳೆ ಮನೆಯ ಕಿಟಕಿ ಸರಳಿನ ಹೂವು! ಅಕ್ಕನಿಗೆ ತೋರಿಸಿದರೆ “ಯಾವ ಗುಡಿ ಗೇಟಿಂದು?” ಅಂತ ಕೇಳಿದಳು. ಮೇಷ್ಟ್ರಿಗೆ ಬೇಕಾಗಿದ್ದೂ ಅದೇ ಅಲ್ವಾ. ಒಂದೇ ಕೊರತೆ, ಮ್ಯಾಕ್ರೋ ಲೆನ್ಸಿನಲ್ಲಿ ಅಂಚುಗಳು ಮಸುಕು, ನಡುವಿನದು ಮಾತ್ರ ನಂಬಬಹುದು.

ಸರಿ, ಗೆದ್ದವರು.

ಆಂದ್ರೆ ಕರ್ಟೇಸ್ ಹಂಗೇರಿಯಲ್ಲಿ ಹುಟ್ಟಿ 1925ರಲ್ಲಿ ಪ್ಯಾರಿಸ್‌ಗೆ ಹೋದರು. 1928ರಲ್ಲಿ ಒಂದು ಫೋರ್ಕನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟು ಫೋಟೋ ತೆಗೆದರು. ಫೋರ್ಕು, ತಟ್ಟೆಯ ತುಂಡು, ಎರಡರ ನೆರಳು. ಅಷ್ಟೇ. ನೆರಳೇ ಸಾಮಾನಿಗಿಂತ ಗಟ್ಟಿಯಾಗಿ ಕೂತಿದೆ.

ಇದಕ್ಕೆ ಬೇಕಾದ್ದು ಒಂದೇ ಕಡೆಯಿಂದ ಬರುವ ಖಡಕ್ ಬೆಳಕು. ಬಳ್ಳಾರಿಯವರಿಗೆ ದೇವರು ಬೇರೇನು ಕೊಟ್ಟಿಲ್ಲದಿದ್ದರೂ ಅದನ್ನು ಕೊಟ್ಟಿದ್ದಾನೆ. ವರ್ಷವಿಡೀ ಬೈದುಕೊಂಡೇ ಓಡಾಡುವ ಬಿಸಿಲು ಒಂದು ದಿನ ಕೆಲಸಕ್ಕೆ ಬಂತು.

ಮನೆಯಲ್ಲಿ ಫೋರ್ಕ್ ಇಲ್ಲ. ರೊಟ್ಟಿ ತಿನ್ನೋಕೆ ಫೋರ್ಕ್ ಯಾಕೆ? ಮಿರ್ಚಿ ಎತ್ತುವ ಜಾಲರಿ ಸೌಟು ತಗೊಂಡೆ. ಬೆಳಗ್ಗೆ ಎಂಟಕ್ಕೆ ಮಾಳಿಗೆಗೆ ಹೋಗಿ, ಸುಣ್ಣ ಬಳಿದ ಕಟ್ಟೆಯ ಮೇಲೆ ಬಿಳಿ ಪಿಂಗಾಣಿ ತಟ್ಟೆ ಇಟ್ಟು ಅದಕ್ಕೆ ಸೌಟು ಒರಗಿಸಿದೆ. ಕಟ್ಟೆ ಮೇಲೆ ತೂತು ತೂತಾದ ಒಂದು ಕಪ್ಪು ಚಂದ್ರ ಬಿತ್ತು, ಉದ್ದಕ್ಕೆ ಜಗ್ಗಿದ ಹಾಗೆ. ಎರಡು ನಿಮಿಷ ಸುಮ್ನೆ ನೋಡುತ್ತಾ ನಿಂತೆ, ಫೋನ್ ತೆಗೆಯೋದೇ ಮರೆತು.

ಸ್ಟೀಲು ಇಲ್ಲೂ ಹೊಳೆಯುತ್ತೆ, ಆದರೆ ಇಲ್ಲಿ ನಾವು ನೋಡೋದು ಸೌಟನ್ನಲ್ಲ, ಅದರ ನೆರಳನ್ನ. ಎರಡು ಭಾನುವಾರ ಕಾಡಿದ ಬಳೆಯ ಕಾಟ ಇಲ್ಲಿ ಹುಟ್ಟುವುದೇ ಇಲ್ಲ. ಸೂರ್ಯನ ಪ್ರತಿಬಿಂಬ ಒಂದು ಚುಕ್ಕಿಯಾಗಿ ಮಿಂಚುತ್ತೆ, ಅದು ಚೆಂದವೇ.

ಗಮನಿಸಬೇಕಾದ್ದು ಎರಡು ವಿಷಯ. ಹೊತ್ತು ಮೊದಲನೆಯದು. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಮೇ ಶುರುವಿನಲ್ಲಿ ಒಂದು ಸಲ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಂದು ಸಲ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಆಗ ನಿಲ್ಲಿಸಿದ ಲೋಟಕ್ಕೆ ನೆರಳೇ ಇರಲ್ಲ. ಬೇಸಿಗೆಯಲ್ಲಿ ಬೆಳಗ್ಗೆ ಎಂಟರ ಸುಮಾರಿಗೆ ನೆರಳು ಸಾಮಾನಿನ ಎತ್ತರಕ್ಕಿಂತ ಒಂದೂವರೆ ಎರಡು ಪಟ್ಟು ಇರುತ್ತೆ, ಫೋಟೋಗೆ ಅದು ಹದ. ಒಂಬತ್ತಾದರೆ ಗಿಡ್ಡ, ಮತ್ತೆ ಪಾದ ಸುಡುತ್ತೆ.

ಇನ್ನೊಂದು, ನೆರಳಿನ ಅಂಚು. ಸೂರ್ಯ ಚುಕ್ಕಿ ಅಲ್ಲ, ನಮ್ಮ ಕಣ್ಣಿಗೆ ಅರ್ಧ ಡಿಗ್ರಿ ಅಗಲ. ಅದರಿಂದ ನೆರಳು ಬೀಳುವ ಜಾಗಕ್ಕೆ ಸಾಮಾನು ಎಷ್ಟು ದೂರ ಇದೆಯೋ ಅದರ ಸುಮಾರು ನೂರನೇ ಒಂದು ಭಾಗದಷ್ಟು ನೆರಳಿನ ಅಂಚು ಮಸುಕಾಗುತ್ತೆ. ಸೌಟಿನಿಂದ ಅದರ ನೆರಳಿಗೆ ಎರಡು ಸೆಂಟಿಮೀಟರ್ ದೂರ ಇದ್ದರೆ ಮಸುಕು ಕಾಲು ಮಿಲಿಮೀಟರ್ ಒಳಗೆ, ಬ್ಲೇಡಲ್ಲಿ ಕತ್ತರಿಸಿದ ಹಾಗೆ. ಬಟ್ಟೆ ಒಣಹಾಕುವ ತಂತಿ ಎರಡು ಮೀಟರ್ ದೂರ ಇದ್ದರೆ ಎರಡು ಸೆಂಟಿಮೀಟರ್ ಮಸುಕು, ತಂತಿ ಎಲ್ಲಿ ಅಂತಲೇ ಗೊತ್ತಾಗಲ್ಲ. ಚೂಪು ಬೇಕಾದರೆ ನೆಲಕ್ಕೆ ಹತ್ತಿರ ಇಡಿ.

ಇಲ್ಲಿ ಮೋಸ ಮಾಡೋದು ಫೋನ್ ಮಾತ್ರ. ಅದು ತಾನೇ ಜಾಣನಾಗಿ, ಅಯ್ಯೋ ನೆರಳು ಕಪ್ಪಗಿದೆ ಅಂತ ಅದಕ್ಕೆ ಬೆಳಕು ತುಂಬಿ ಬೂದಿ ಮಾಡುತ್ತೆ. ಹಾಗೆ ಬೆಳಕು ತುಂಬುವ ಎಚ್‌ಡಿಆರ್ ಅನ್ನೋದನ್ನ ಆಫ್ ಮಾಡಿ, ಫೋನ್ ಪರದೆಯಲ್ಲಿ ಬಿಳಿ ಕಟ್ಟೆಯ ಮೇಲೆ ಬೆರಳೊತ್ತಿ, ಅಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ನೆರಳು ಕಪ್ಪಾಗಿ ನಿಲ್ಲುತ್ತೆ. ಬಾಚಣಿಕೆ, ಜರಡಿ, ಅಪ್ಪನ ಕನ್ನಡಕ, ಸೈಕಲ್ ಪೆಡಲ್, ಯೂನಿಟ್‌ನಿಂದ ತಂದ ಹಾಳಾದ ಜಿಪ್ಪು, ಎಲ್ಲ ಮಾಡಿದೆ. ಜಿಪ್ಪಿನ ಹಲ್ಲುಗಳ ನೆರಳು ರೈಲು ಹಳಿ ಹಾಗೆ ಬಂತು.

ಈ ಕರ್ಟೇಸ್ ಎಂಬತ್ತು ದಾಟಿದ ಮೇಲೆ, ಹೆಂಡತಿ ತೀರಿಕೊಂಡ ನಂತರ, ನ್ಯೂಯಾರ್ಕಿನ ತಮ್ಮ ಮನೆಯ ಕಿಟಕಿ ಕಟ್ಟೆಯ ಮೇಲೆ ಒಂದು ಚಿಕ್ಕ ಗಾಜಿನ ಗೊಂಬೆ ಇಟ್ಟುಕೊಂಡು ಪೋಲರಾಯ್ಡ್‌ನಲ್ಲಿ ಫೋಟೋ ತೆಗೆಯುತ್ತಿದ್ದರು. ಅದು ಗೊತ್ತಾದ ಮೇಲೆ ಎರಡು ವರ್ಷದ ಹಳೆ ಫೋನ್ ಬಗ್ಗೆ ನಾನು ಗೊಣಗೋದು ಬಿಟ್ಟೆ.

ಲೆಕ್ಕ ಕೇಳುವವರಿಗೆ: ಬಳೆ 899, ಲಾಳಿಕೆ 120, ಮ್ಯಾಕ್ರೋ ಲೆನ್ಸ್ 280, ಡ್ರಾಯಿಂಗ್ ಶೀಟು 30, ಮೆಣಸಿನಕಾಯಿ 20. ಒಟ್ಟು 1,349. ಕರ್ಟೇಸ್‌ಗೆ ಒಂದು ಪೈಸೆ ಇಲ್ಲ. ನನ್ನ ಹಾಗೆ ಭಾನುವಾರ ಬೆಳಗ್ಗೆ ಒಂದು ಗಂಟೆ ಮಾತ್ರ ಬಿಡುವಿದ್ದು, ಮಾಳಿಗೆ ಇದ್ದು, ಬೇಗ ಏಳುವ ಅಭ್ಯಾಸ ಇದ್ದರೆ ಕಣ್ಣುಮುಚ್ಚಿ ಅದನ್ನೇ ಹಿಡಿಯಿರಿ. ಏಳೋದೇ ಹತ್ತಕ್ಕೆ ಅನ್ನುವವರಿಗೆ ಬ್ಲಾಸ್‌ಫೆಲ್ಟ್. ತೀರ್ಥಹಳ್ಳಿ, ಆಗುಂಬೆ ಕಡೆಯವರಾಗಿದ್ದರೆ ಸೂಡೆಕ್ ನಿಮ್ಮವರು, ನನ್ನ ಹೊಟ್ಟೆಕಿಚ್ಚೂ ನಿಮ್ಮದೇ.

ಬಳೆ ಏನಾಯಿತು ಅಂದರೆ, ಅಕ್ಕ ಮನೆಯಲ್ಲೇ ಯೂನಿಟ್‌ನ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಮಾಡುತ್ತಾಳೆ. ಹೊಲಿಗೆ ಮುಗಿದ ಮೇಲೆ ಅಲ್ಲಲ್ಲಿ ಉಳಿದ ದಾರದ ತುದಿಗಳನ್ನು ಹುಡುಕಿ ಕತ್ತರಿಸಬೇಕು. ಕಡುನೀಲಿ ಬಟ್ಟೆ, ಕಡುನೀಲಿ ದಾರ, ರಾತ್ರಿ ಹೊತ್ತು. ಬಲ್ಬಿನ ಕೆಳಗೆ ಕೂತರೆ ಅವಳ ಕೈಯ ನೆರಳೇ ಅಡ್ಡ ಬರುತ್ತಿತ್ತು. ಒಂದು ದಿನ ಕರೆಂಟ್ ಹೋದಾಗ ಪವರ್ ಬ್ಯಾಂಕಿಗೆ ಸಿಕ್ಕಿಸಿ ಆ ಬಳೆ ಹಚ್ಚಿಕೊಟ್ಟೆ. ಬಳೆಯೊಳಗಿಂದ ನೋಡಿಕೊಂಡು ಕೆಲಸ ಮಾಡಿದಳು, ಎಲ್ಲೂ ನೆರಳಿಲ್ಲ, ಒಂದೊಂದು ದಾರವೂ ಎದ್ದು ಕಾಣುತ್ತೆ. ಮಾರನೇ ದಿನ ಸ್ಟ್ಯಾಂಡ್ ಸಮೇತ ಅವಳ ಮೂಲೆಗೆ ಹೋಯಿತು.

ಹೋದ ಭಾನುವಾರ ಒಂದು ಅರ್ಧ ಗಂಟೆ ಬೇಕು, ಗೊಂಬೆ ಫೋಟೋ ತೆಗೀಬೇಕು ಅಂತ ಕೇಳಿದೆ. ತಲೆ ಎತ್ತದೆ ಅಂದಳು, “ಇನ್ನಾ ನಲವತ್ತು ಪ್ಯಾಂಟ್ ಅದಾವ. ಆಮ್ಯಾಲೆ ಬಾ.”